ಹಿರೇಗುತ್ತಿಯ ಕೇರಿಯಲ್ಲಿ ರೇಡಿಯೊ ಕೇಳುವ ಕ್ರಮ: ಬಳಕೆದಾರರ ಕೈಪಿಡಿ

ಸೆಟ್ಟಿನ ಜೊತೆ ಅಂಗಡಿಯವರು ಕೊಟ್ಟ ಪುಸ್ತಕವನ್ನು ಪಕ್ಕಕ್ಕಿಡಿ. ಸೆಲ್ಲನ್ನು ಯಾವ ಕಡೆ ಮುಖ ಮಾಡಿ ಹಾಕಬೇಕೆಂದು ಅದರಲ್ಲಿದೆ. ಸೆಟ್ಟನ್ನು ಯಾರ ಮನೆ ಕಡೆ ಮುಖ ಮಾಡಿ ಇಡಬೇಕೆಂದು ಇಲ್ಲ. ಆ ಕೊರತೆ ತುಂಬಲು, ಉತ್ತರ ಕನ್ನಡ ಕರಾವಳಿಯ ಹಿರೇಗುತ್ತಿಯ ಕೇರಿಯನ್ನು ಈಗ ಬಿಟ್ಟಿರುವವರೊಬ್ಬರು ಬರೆದ ಕೈಪಿಡಿ ಇದು.

1. ಸ್ಥಾಪನೆ

ರೇಡಿಯೊವನ್ನು ಒಳಕೋಣೆಯಲ್ಲಿ ಇಡತಕ್ಕದ್ದಲ್ಲ. ಜಗಲಿಯೇ ಅದರ ಜಾಗ. ಪಕ್ಕದಲ್ಲಿ ಎಲೆಯಡಿಕೆಯ ಕವಳದ ಬಟ್ಟಲಿರಲಿ. ಅಂಚೆ ಕಚೇರಿಗೆ ಹೋಗಿ ವರ್ಷದ ಲೈಸೆನ್ಸ್ ಹಣ ಕಟ್ಟುತ್ತಿದ್ದವರು ಒಬ್ಬರೇ, ಕೇಳುತ್ತಿದ್ದವರು ಇಡೀ ಕೇರಿ. 1980ರ ದಶಕದಲ್ಲಿ ಸರ್ಕಾರ ಲೈಸೆನ್ಸ್ ರದ್ದು ಮಾಡಿತು. ಕೇರಿ ಅದನ್ನು ಎಂದೋ ರದ್ದು ಮಾಡಿಯಾಗಿತ್ತು.

2. ದಿಕ್ಕು

ಟ್ರಾನ್ಸಿಸ್ಟರಿನೊಳಗೆ ಅಡ್ಡಲಾಗಿ ಒಂದು ಕಪ್ಪು ಕಡ್ಡಿಯಿದೆ. ಮೀಡಿಯಂ ವೇವಿಗೆ ಅದೇ ಏರಿಯಲ್. ಕಡ್ಡಿಯ ತುದಿ ನಿಲಯದ ಕಡೆಗಿದ್ದರೆ ಧ್ವನಿ ಸೊರಗುತ್ತದೆ, ಅಗಲದ ಮೈ ಆ ಕಡೆಗಿದ್ದರೆ ತುಂಬುತ್ತದೆ. ಆದ್ದರಿಂದ ಧಾರವಾಡ (765 ಕಿಲೊಹರ್ಟ್ಸ್) ಬೇಕಾದವರು ಸೆಟ್ಟನ್ನು ಘಟ್ಟದ ಕಡೆ, ಈಶಾನ್ಯಕ್ಕೆ ತಿರುಗಿಸಿ. ಮಂಗಳೂರು (1089) ಬೇಕಾದರೆ ದಕ್ಷಿಣಕ್ಕೆ ತಿರುಗಿಸಿ. ಪಣಜಿಗೆ (1287) ಬೇರೆ ಶ್ರಮ ಬೇಡ. ಹೆಚ್ಚುಕಡಿಮೆ ಅದೇ ಕರಾವಳಿಯ ಗೆರೆಯಲ್ಲಿ ಅದು ಬೆನ್ನ ಹಿಂದಿದೆ. ಮೀಡಿಯಂ ವೇವ್ ನೆಲಕ್ಕಿಂತ ಉಪ್ಪುನೀರಿನ ಮೇಲೆ ದೂರ ಸಾಗುವುದರಿಂದ ಇವೆರಡಕ್ಕೂ ಸಮುದ್ರವೇ ರಸ್ತೆ.

ಗಮನಿಸಿ: 1956ರವರೆಗೆ ನಾವು ಧಾರವಾಡದವರಂತೆ ಮುಂಬಯಿ ಪ್ರಾಂತ್ಯದವರು, ಮಂಗಳೂರು ಮದರಾಸಿನದು, ಗೋವೆ 1961ರವರೆಗೆ ಪೋರ್ಚುಗೀಸರದು. ಮೂರು ದೊರೆತನದ ಮೂರು ಊರುಗಳು ಒಂದು ಗುಂಡಿ ತಿರುಗಿಸುವಷ್ಟರಲ್ಲಿ ಸಿಗುತ್ತವೆ. ಮೂವರಲ್ಲಿ ಯಾರೂ ನಮ್ಮನ್ನು ನೆನೆದು ಮಾತಾಡುತ್ತಿರಲಿಲ್ಲ. ಎಲ್ಲರ ಅಂಚಿನಲ್ಲಿದ್ದ ನಮಗೆ ಮಾತ್ರ ಮೂವರ ಮಾತೂ ಕೇಳುತ್ತಿತ್ತು.

3. ಹಗಲು ಮತ್ತು ರಾತ್ರಿ

ಬಿಸಿಲಿರುವಾಗ ಮೇಲಿನ ವಾತಾವರಣದ ಒಂದು ಪದರ ಈ ತರಂಗಗಳನ್ನು ನುಂಗುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಕ್ಕೆ ಹೋದ ತರಂಗಗಳು ದೂರದೂರಕ್ಕೆ ಪುಟಿಯುತ್ತವೆ. ಹಾಗಾಗಿ ರಾತ್ರಿ ಧಾರವಾಡದ ಭಾವಗೀತೆಯ ಹಿಂದೆ ಯಾರೋ ಗೊತ್ತಿಲ್ಲದ ಭಾಷೆಯಲ್ಲಿ ಜಗಳವಾಡಿದರೆ ರಿಪೇರಿಗೆ ಒಯ್ಯಬೇಡಿ. ಯಾವ ದೇಶದ ಜಗಳವೆಂದು ಜಗಲಿಯಲ್ಲಿ ವಾದ ಮಾಡಿ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನಿನಿಂದ ಅಮೀನ್ ಸಯಾನಿಯವರ ಹಿಂದಿ ಹಾಡುಗಳ ಬಿನಾಕಾ ಗೀತಮಾಲಾ ಬರುತ್ತಿತ್ತು. ಆಗ ವಾದವೂ ನಿಷಿದ್ಧವಾಗಿತ್ತು.

4. ಕೇಳುವ ಬಗೆ

ಬೆಳಗಿನ ಸಂಸ್ಕೃತ ವಾರ್ತೆ ಅರ್ಥವಾಗಬೇಕಾಗಿಲ್ಲ. ಅದು ಶುರುವಾದರೆ ಮಕ್ಕಳು ಹಾಸಿಗೆ ಮಡಿಚಬೇಕು, ಅಷ್ಟೇ. ಸಿನಿಮಾ ಹಾಡಿನ ಹೊತ್ತಿನಲ್ಲಿ ಸಾರಂಗಿ ಬಂದರೆ ದೊಡ್ಡವರು ಯಾರೋ ತೀರಿಹೋಗಿದ್ದಾರೆ. ದುಃಖಪಡುತ್ತಲೇ ಶಾಲೆಗೆ ರಜೆಯೇ ಎಂದು ವಿಚಾರಿಸಿ.

ಕೃಷಿ ಕಾರ್ಯಕ್ರಮವನ್ನು ತಪ್ಪಿಸಬೇಡಿ. ಹತ್ತಿಯ ಕಾಯಿಕೊರಕಕ್ಕೆ ಯಾವ ಔಷಧಿ, ಜೋಳಕ್ಕೆ ಎಷ್ಟು ಗೊಬ್ಬರ ಎಂದು ಧಾರವಾಡದವರು ಹೇಳುತ್ತಾರೆ. ಅಘನಾಶಿನಿ ಹೊಳೆಯ ಗಜನಿಯಲ್ಲಿ, ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು, ಅಂದರೆ ಗೊಬ್ಬರವನ್ನೂ ಔಷಧಿಯನ್ನೂ ಕೇಳದೆ ಉಪ್ಪುನೀರಲ್ಲೇ ನಿಲ್ಲುವ ಬೆಳೆಯವರು, ಇದನ್ನು ಕೊನೆಯವರೆಗೆ ಕೇಳಿ ತಲೆಯಾಡಿಸತಕ್ಕದ್ದು. ಪರರ ಬೆಳೆಯ ಬಗ್ಗೆ ತಿಳಿದಿದ್ದರೆ ನಷ್ಟವೇನು?

ಹವಾಮಾನ ವರದಿ ಕೇಳುವಾಗ ಮನೆಯೊಳಗೆ ಸೋರುವಲ್ಲಿ ಪಾತ್ರೆ ಇಟ್ಟಿರಿ. ‘ಕರಾವಳಿಯಲ್ಲಿ ಮಳೆಯಾಗುವ ಸಂಭವವಿದೆ’ ಎನ್ನುವಷ್ಟರಲ್ಲಿ ಪಾತ್ರೆ ಅರ್ಧ ತುಂಬಿರುತ್ತದೆ. ಮೀನುಗಾರರು ಕಡಲಿಗಿಳಿಯಬಾರದೆಂಬ ಸೂಚನೆ ಬಂದರೆ ಮಾತ್ರ ಸದ್ದು ಹೆಚ್ಚಿಸಿ. ಮೀನು ಮಾರಲು ಬಂದ ಅಕ್ಕ ಬುಟ್ಟಿ ಇಳಿಸದೆ, ‘ಎಂತಾ ಹೇಳ್ತ್ರಾ?’ ಎಂದು ಕೇಳುತ್ತಾಳೆ. ಒಂದಕ್ಷರ ಬಿಡದೆ ಹೇಳಿ. ಅವಳ ಮನೆಯ ದೋಣಿ ಅದರ ಮೇಲೆ ನಿಂತಿದೆ.

ಮಂಗಳೂರಿನಿಂದ ಯಕ್ಷಗಾನ ಬಂದರೆ ಇದು ತೆಂಕುತಿಟ್ಟು, ನಮ್ಮ ಬಡಗುತಿಟ್ಟು ಹೀಗಲ್ಲ ಎಂದು ಟೀಕಿಸುವ ಹಕ್ಕು ಎಲ್ಲ ಕೇಳುಗರಿಗೂ ಇದೆ. ಬಡಗಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ರೇಡಿಯೊದಲ್ಲಿ ಕಾಣದು ಎಂದು ಕೊರಗಲೂ ಅಡ್ಡಿಯಿಲ್ಲ.

5. ದೋಷ ನಿವಾರಣೆ

ಧ್ವನಿ ಕುಗ್ಗಿದೆ: ಸೆಲ್ಲು ತೆಗೆದು ಬಿಸಿಲಿಗಿಡಿ. ಇನ್ನೆರಡು ದಿನ ಓಡುತ್ತದೆ.
ಕರಕರ ಸದ್ದು: ಸಿಡಿಲು ಹತ್ತಿರವಿದೆ. ಸೆಟ್ಟು ಆರಿಸಿ, ಅಂಗಳದ ಬಟ್ಟೆ ತೆಗೆಯಿರಿ.
ಏನೂ ಕೇಳುತ್ತಿಲ್ಲ: ಎದುರು ಮನೆಯ ರೇಡಿಯೊ ಕೇಳಿ. ಅದೇ ನಿಲಯ, ಅದೇ ಹಾಡು.

6. ಹೊಸ ಮಾದರಿ

ಆಕಾಶವಾಣಿಯ ಕಾರವಾರ ನಿಲಯ ಎಫ್‌ಎಂ 102.3ರಲ್ಲಿದೆ. ನಮ್ಮ ಜಿಲ್ಲೆಯನ್ನೇ ನೆನೆದು ಮಾತಾಡುವ ರೇಡಿಯೊ ಕೊನೆಗೂ ಬಂತು. 2017ರಲ್ಲಿ ಪದ್ಮಶ್ರೀ ಪಡೆದ, ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹಾಲಕ್ಕಿ ಸಮುದಾಯದ ಹಾಡುಗಳನ್ನು ಧ್ವನಿಮುದ್ರಿಸಿಕೊಂಡದ್ದು ಇದೇ ನಿಲಯ. ಆದರೆ ಅದು ಬರುವ ಹೊತ್ತಿಗೆ ಜಗಲಿಗಳಿಗೆ ಟೀವಿ ಬಂದು, ಕೇಳುಗರು ಒಳಕೋಣೆ ಸೇರಿದ್ದರು. ಮುಂದೆ ಹೆದ್ದಾರಿ ಅಗಲವಾಯಿತು, ಎದುರು ಮನೆ ದೂರವಾಯಿತು. ಈಗ ರೇಡಿಯೊ ಮೊಬೈಲಿನೊಳಗಿದೆ. ಇಯರ್‌ಫೋನ್ ತಂತಿಯೇ ಅದಕ್ಕೆ ಏರಿಯಲ್. ಅಂದರೆ ಕಿವಿ ಮುಚ್ಚಿಕೊಂಡವರಿಗೇ ನಿಲಯ ಸಿಗುತ್ತದೆ. ಇಂಥ ಯಂತ್ರವನ್ನು ಹಿರೇಗುತ್ತಿಯವರು ಖಂಡಿತ ಮಾಡುತ್ತಿರಲಿಲ್ಲ.

7. ವಾರಂಟಿ

ತಂತಿ ಸಿಕ್ಕಿಸಿದ್ದರೂ ಮೊಬೈಲಿನ ಸ್ಪೀಕರ್ ಹಾಕಿ. ಪಕ್ಕದ ಫ್ಲ್ಯಾಟಿನವರು ಬಯ್ಯಲು ಬರುವಷ್ಟು ಸದ್ದಿರಲಿ. ಬಂದವರಿಗೆ ಚಾ ಕೊಡಿ, ಕೂರಲು ಹೇಳಿ, ಯಾವ ಊರಿನವರೆಂದು ಕೇಳಿ. ಕೂತರೆ ಸೆಟ್ಟು ಸರಿಯಾಗಿ ಕೆಲಸ ಮಾಡುತ್ತಿದೆ. ಕೂರದೆ ಹೋದರೆ ದೋಷ ಸೆಟ್ಟಿನದಲ್ಲ, ವಾರಂಟಿ ಅನ್ವಯಿಸುವುದಿಲ್ಲ. ನಾಳೆ ವಾರ್ತೆಯ ಹೊತ್ತಿಗೆ ಮತ್ತೆ ಪ್ರಯತ್ನಿಸಿ.