ಸಂಚಾರಿ ನಳಮಹಾರಾಯರು

ಯಾತ್ರೆಗೆ ಹೊರಟ ಕನ್ನಡಿಗರ ತಂಡ ಯಾವುದೇ ಇರಲಿ, ಹೋಟೆಲಿನ ಅನ್ನವನ್ನು ಕಂಡೊಡನೆ ಮುಖವನ್ನು ಸಿಂಡರಿಸಿ, "ಒಂದು ಒಲೆ, ಎರಡು ಪಾತ್ರೆ ಇದ್ದಿದ್ದರೆ ನಾನೇ ಮಾಡಿ ಬಡಿಸುತ್ತಿದ್ದೆ" ಎಂದು ನಿಡುಸುಯ್ಯುವ ಮಹನೀಯರೊಬ್ಬರು ಅದರಲ್ಲಿ ಇದ್ದೇ ಇರುತ್ತಾರೆ. ವಯಸ್ಸು ಅರುವತ್ತನ್ನು ದಾಟಿರುತ್ತದೆ. ಸರ್ಕಾರಿ ನೌಕರಿಯಿಂದ ನಿವೃತ್ತಿ ಹೊಂದಿದ ಮರುದಿನವೇ ತಮ್ಮ ಕೈಗುಣದ ವಿಷಯದಲ್ಲಿ ಅವರಿಗೆ ಜ್ಞಾನೋದಯವಾಗಿರುತ್ತದೆ. ಸ್ವಗೃಹದಲ್ಲಿ ಅಡುಗೆಮನೆಯ ಹೊಸ್ತಿಲನ್ನು ದಾಟಲು ಮನೆಯಾಕೆ ಬಿಡದಿರುವ ಕಾರಣ, ಆ ಪಾಕಕೌಶಲವೆಲ್ಲವೂ ಪರಸ್ಥಳಗಳಿಗಾಗಿಯೇ ಸಂಚಿತವಾಗಿರುತ್ತದೆ. ಅಂಥವರನ್ನು ಇಲ್ಲಿ ರಾಯರೆಂದು ಕರೆಯುತ್ತೇನೆ. ನಿಮ್ಮ ಬಂಧುವರ್ಗದಲ್ಲಿ ಅವರಿಗೆ ಬೇರೆ ಹೆಸರಿದ್ದೀತು.

ರಾಯರ ಪ್ರತಿಭೆಯ ಪೂರ್ಣಸ್ವರೂಪವನ್ನು ಕಾಣಬೇಕಾದರೆ ಅವರನ್ನು ವಿಜಯವಾಡದ ಬೆಂಜ್ ಸರ್ಕಲಿನಲ್ಲಿ ಕಾಣಬೇಕು. ಚೆನ್ನೈಯಿಂದ ಕೋಲ್ಕತ್ತದ ಕಡೆಗೆ ಸಾಗುವ ಹೆದ್ದಾರಿಯೂ ಪುಣೆಯಿಂದ ಮಚಲೀಪಟ್ಟಣಕ್ಕೆ ಇಳಿಯುವ ಹೆದ್ದಾರಿಯೂ ಸಂಧಿಸುವ, ಮೇಲ್ಸೇತುವೆಯ ಮೇಲೂ ಕೆಳಗೂ ಲಾರಿಗಳು ಅಹೋರಾತ್ರಿ ಗರ್ಜಿಸುವ ಆ ವೃತ್ತದ ಬಳಿ, ಕನಕದುರ್ಗೆಯ ದರ್ಶನಕ್ಕೆಂದು ಬಂದ ಕುಟುಂಬವು ಒಲೆಯ ಸೌಕರ್ಯವುಳ್ಳ ಬಾಡಿಗೆಯ ವಸತಿಯೊಂದರಲ್ಲಿ ಇಳಿದುಕೊಂಡಿರುತ್ತದೆ. ದೇವಿಯು ನೆಲಸಿರುವ ಇಂದ್ರಕೀಲಾದ್ರಿಯಲ್ಲಿ ಪಾಶುಪತಾಸ್ತ್ರಕ್ಕಾಗಿ ಪಾರ್ಥನು ಘೋರ ತಪಸ್ಸನ್ನಾಚರಿಸಿದನೆಂಬುದು ಸ್ಥಳಪುರಾಣ. ರಾಯರಾದರೋ ತಮ್ಮನ ಮಾರ್ಗವನ್ನು ತ್ಯಜಿಸಿ ಅಣ್ಣನದನ್ನು ಹಿಡಿದು, ವಿರಾಟನ ಮನೆಯ ವಲಲನ ಠೀವಿಯಿಂದ ಸೌಟನ್ನು ಕೈಗೆತ್ತಿಕೊಳ್ಳುತ್ತಾರೆ. ಪೆಟ್ಟಿಗೆಯಿಂದ ಹುಳಿಪುಡಿ, ಸಾರಿನಪುಡಿ, ಇಂಗು, ಬೆಲ್ಲ, ಹುಣಸೇಹಣ್ಣಿನ ಉಂಡೆ ಇವು ಕ್ರಮವಾಗಿ ಆವಿರ್ಭವಿಸುತ್ತವೆ. ಪಂಚೆ ಅಂಗಿಗಳು, ಸ್ಥಳ ಉಳಿದಿದ್ದ ಪಕ್ಷದಲ್ಲಿ, ಅಡಿಯಲ್ಲಿರುತ್ತವೆ.

ತರಕಾರಿಯನ್ನು ಮಾತ್ರ ಊರಿನಿಂದ ತರುವಂತಿಲ್ಲವಷ್ಟೆ. ಆದ್ದರಿಂದ ರಾಯರು ಪಟಮಟದ ರೈತು ಬಜಾರಿಗೆ ದಯಮಾಡಿಸುತ್ತಾರೆ. ದಲ್ಲಾಳಿಗಳ ಹಂಗಿಲ್ಲದೆ ಬೆಳೆದವರೇ ಕೊಳ್ಳುವವರಿಗೆ ಮಾರಲೆಂದು ಆಂಧ್ರ ಸರ್ಕಾರವು 1999ರಲ್ಲಿ ಹೂಡಿದ ಏರ್ಪಾಡು ಅದು; ಮಧ್ಯವರ್ತಿಗಳನ್ನು ನಿವಾರಿಸುವ ಉತ್ಸಾಹದಲ್ಲಿ ದುಭಾಷಿಯನ್ನು ಒದಗಿಸುವುದನ್ನು ಸರ್ಕಾರವು ಮರೆತಂತೆ ತೋರುತ್ತದೆ. ಕನ್ನಡದ ಮಾತುಗಳ ತುದಿಗೆ ಒಂದೊಂದು 'ಅಂಡಿ'ಯನ್ನು ಅಂಟಿಸಿದರೆ ತೆಲುಗು ಸಿದ್ಧಿಸುತ್ತದೆಂಬ ದೃಢವಿಶ್ವಾಸದಿಂದ ರಾಯರು ಮಾರುವಾಕೆಯೊಡನೆ ಸಂಭಾಷಿಸಿ, ಕೆಂಪು ದಂಟಿನ ಗೋಂಗೂರದ ಎರಡು ಕಟ್ಟನ್ನೂ ಹಳದಿಯ ದುಂಡು ದೋಸಕಾಯಿಗಳನ್ನೂ ಸಂಪಾದಿಸುತ್ತಾರೆ. ಗೋಂಗೂರಕ್ಕೆ ಹುಣಸೇಹಣ್ಣು ಬೇಡವೆಂದೂ, ದೋಸಕಾಯಿಯಲ್ಲಿ ಒಂದೊಂದು ಕಹಿಯಿರುವುದರಿಂದ ಹೆಚ್ಚುವಾಗ ಚೂರನ್ನು ಬಾಯಿಗೆ ಹಾಕಿ ನೋಡಬೇಕೆಂದೂ ಆ ಸಾಧ್ವಿಯು ಕೈಸನ್ನೆ ಬಾಯಿಸನ್ನೆಗಳಿಂದ ಬೋಧಿಸುತ್ತಾಳೆ. ತಮ್ಮ ತೆಲುಗಿಗೆ ಆಕೆ ತಲೆದೂಗುತ್ತಿರುವಳೆಂದು ತಿಳಿದು ರಾಯರು ನಮಸ್ಕರಿಸುತ್ತಾರೆ.

ಹಾಗೆ ನೋಡಿದರೆ ಆ ಸೊಪ್ಪು ಕನ್ನಡಿಗರಿಗೆ ಅಪರಿಚಿತವೇನೂ ಅಲ್ಲ. ಬೆಂಜ್ ಸರ್ಕಲಿನ ಮೂಲಕ ಹಾಯ್ದು ಮಚಲೀಪಟ್ಟಣಕ್ಕೆ ಹೋಗುವ ಆ ಹೆದ್ದಾರಿಯೇ ಹಿಂದೆ ಬಸವಕಲ್ಯಾಣ, ಹುಮನಾಬಾದುಗಳನ್ನು ದಾಟಿ ಬಂದದ್ದು. ಆ ಸೀಮೆಯಲ್ಲಿ ಅದೇ ಸೊಪ್ಪು ಪುಂಡಿಪಲ್ಯವಾಗಿ ಜೋಳದ ರೊಟ್ಟಿಯ ಪಕ್ಕದಲ್ಲಿ ತಲೆಮಾರುಗಳಿಂದ ಕುಳಿತಿದೆ. ಆದರೆ ತುಮಕೂರಿನಿಂದಾಚೆಯ ಕರ್ನಾಟಕವನ್ನು ರೈಲಿನ ಕಿಟಕಿಯಿಂದ ಮಾತ್ರ ವೀಕ್ಷಿಸಿರುವ ನಮ್ಮ ರಾಯರಿಗೆ ಅದು ಆಂಧ್ರದ ಅಪೂರ್ವ ಆವಿಷ್ಕಾರ.

"ಅಲ್ರೀ, ಆಯಮ್ಮ ಹುಣಸೇಹಣ್ಣು ಬೇಡ ಅಂದ ಹಾಗಿತ್ತು" ಎಂದು ಮನೆಯಾಕೆ ಮೆಲ್ಲನೆ ಜ್ಞಾಪಿಸುತ್ತಾರೆ.

"ಹುಣಸೇಹಣ್ಣಿಲ್ಲದೆ ಹುಳಿ ಎಲ್ಲಿಂದ ಬರುತ್ತೆ? ನೀನು ಸುಮ್ಮನಿರು."

ಹುಳಿಯು ಆ ಸೊಪ್ಪಿನ ನರನರದಲ್ಲಿಯೂ ಇದೆಯೆಂಬ ಸಂಗತಿಯನ್ನು ರುಚಿ ನೋಡಿದ್ದರೆ ತಿಳಿಯಬಹುದಾಗಿತ್ತು. ಆದರೆ ದೇವರಿಗೆ ನೈವೇದ್ಯವಾಗುವ ಮುನ್ನ ಅಡುಗೆಯನ್ನು ಎಂಜಲು ಮಾಡುವವರಲ್ಲ ರಾಯರು. ಈ ಆಚಾರನಿಷ್ಠೆಯು ದೋಸಕಾಯಿಯ ವಿಷಯದಲ್ಲಿಯೂ ಅಷ್ಟೇ ಅಚಲವಾದುದು. ಇನ್ನು ಮೆಣಸಿನಕಾಯಿ: ಬಣ್ಣವನ್ನು ಧಾರಾಳವಾಗಿಯೂ ಖಾರವನ್ನು ಸಂಕೋಚದಿಂದಲೂ ಕೊಡುವ ಬ್ಯಾಡಗಿಯನ್ನು ಹಿಡಿಯ ಲೆಕ್ಕದಲ್ಲಿ ಹಾಕಿ ಅಭ್ಯಾಸವಾದ ಕೈಯಿಂದ, ನೆರೆಯ ಗುಂಟೂರಿನ ಮೆಣಸಿನಕಾಯಿಯನ್ನು ಅದೇ ಹಿಡಿಯ ಲೆಕ್ಕದಲ್ಲಿ ಹುರಿಯತೊಡಗಿದಾಗ ಏಳುವ ಘಾಟಿಗೆ ಮನೆಮಂದಿಯೆಲ್ಲ ಬಾಲ್ಕನಿಗೆ ಓಡಿ, ಲಾರಿಗಳ ಹೊಗೆಯನ್ನು ಪ್ರಾಣವಾಯುವೆಂದು ಸೇವಿಸುತ್ತಾರೆ.

ಎಲೆಗೆ ಬಿದ್ದ ಪದಾರ್ಥವನ್ನು ವರ್ಣಿಸುವುದು ನನ್ನ ಶಕ್ತಿಗೆ ಮೀರಿದುದು. ಸೊಪ್ಪಿನ ಹುಳಿ, ಹಣ್ಣಿನ ಹುಳಿ, ಇವೆರಡನ್ನೂ ಶಮನಗೊಳಿಸಲೆಂದು ಕಡೆಯ ಗಳಿಗೆಯಲ್ಲಿ ಸೇರಿದ ಬೆಲ್ಲ, ದೋಸಕಾಯಿಯ ಕಹಿ, ಎಲ್ಲಕ್ಕೂ ಮೇಲೆ ಗುಂಟೂರಿನ ಪ್ರತಾಪ: ಷಡ್ರಸಗಳಲ್ಲಿ ನಾಲ್ಕು ಒಂದೇ ತುತ್ತಿನಲ್ಲಿ ಪರಸ್ಪರ ದಾಯಾದಿಕಲಹವನ್ನು ಹೂಡಿರುತ್ತವೆ. ಮಕ್ಕಳು ಮೊಸರನ್ನಕ್ಕೆ ಶರಣಾಗುತ್ತಾರೆ. ರಾಯರು ಮಾತ್ರ ನಿರ್ವಿಕಾರಚಿತ್ತದಿಂದ ಉಂಡು ಮುಗಿಸಿ, "ಕೃಷ್ಣಾ ನದಿಯ ನೀರು ನಮ್ಮ ಹುಳಿಪುಡಿಗೆ ಹೊಂದುವುದಿಲ್ಲ, ಕಾವೇರಿಯೇ ಆಗಬೇಕು" ಎಂದು ತೀರ್ಪು ಕೊಟ್ಟು ಕೈತೊಳೆಯುತ್ತಾರೆ.

ಇಷ್ಟರಿಂದಲೇ ರಾಯರು ಆಂಧ್ರದ್ವೇಷಿಗಳೆಂದು ಭಾವಿಸಿದರೆ ಅದು ಅನ್ಯಾಯ. ಬೆಂಗಳೂರಿಗೆ ಮರಳಿದ ವಾರದೊಳಗಾಗಿ ಅವರು ಗೋಂಗೂರದ ಭಾಷ್ಯಕಾರರಾಗಿರುತ್ತಾರೆ. ಬಿಸಿಯನ್ನ, ಗೋಂಗೂರ ಪಚ್ಚಡಿ, ಮೇಲೊಂದಿಷ್ಟು ಎಣ್ಣೆ, ಕಚ್ಚಿಕೊಳ್ಳಲು ಹಸಿ ಈರುಳ್ಳಿ, ಇದಲ್ಲವೇ ಊಟ ಎಂದು ಜಯನಗರದ ಉದ್ಯಾನದಲ್ಲಿ ವಾಯುಸೇವನೆಗೆ ಬಂದವರನ್ನು ತಡೆದು ನಿಲ್ಲಿಸಿ ಕೇಳುತ್ತಾರೆ. ಇಲ್ಲಿಯ ಮೆಣಸಿನಕಾಯಿಗೆ ಪೌರುಷವಿಲ್ಲವೆಂದು ಮರುಗುತ್ತಾರೆ. ಕಾವೇರಿಯ ನೀರಿನಲ್ಲಿ ಪಪ್ಪು ಸರಿಯಾಗಿ ಬೇಯುವುದಿಲ್ಲವೆಂದು ದೂರುತ್ತಾರೆ. ಬೆಂಜ್ ಸರ್ಕಲಿನಲ್ಲಿ ಮೈಸೂರಿನವರಾಗಿಯೂ ಮೈಸೂರು ಸೀಮೆಯಲ್ಲಿ ಬೆಂಜ್ ಸರ್ಕಲಿನವರಾಗಿಯೂ ಬಾಳುವ ಇವರ ನಾಲಗೆಯು ತಾನಿರುವ ಊರಿನಲ್ಲಿ ಒಂದು ದಿನವೂ ವಾಸಮಾಡಿದುದಿಲ್ಲ.

ಇಂಥ ರಾಯರಿಂದ ನಿಮಗೆ ಊಟದ ಆಹ್ವಾನ ಬಂದರೆ ನಿರಾಕರಿಸಬೇಡಿ, ಅವರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಅಡುಗೆ ಮನೆಯಾಕೆಯದೋ ಅವರದೋ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಂಡು ಹೋಗಿ.