ಪೆನ್ನೋ ಕೀಲಿಮಣೆಯೋ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ವಿಭಾಗವು 11ರಿಂದ 14 ನಿಮಿಷಗಳದ್ದಾಗಿದ್ದು, ಪರಿಚಯದ ಪ್ರಶ್ನೆಗಳಿಗೆ ಮೀಸಲಾದ ಅದರ ಮೊದಲ ಭಾಗದಲ್ಲಿ ‘ಕೈಯಲ್ಲಿ ಬರೆಯುವುದು ಇಷ್ಟವೋ, ಟೈಪ್ ಮಾಡುವುದೋ’ ಎಂಬಂಥ ಪ್ರಶ್ನೆ ಎದುರಾದಾಗ, ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಗೀಚುವುದರ ಹೊರತು ಬೇರೇನನ್ನೂ ಬರೆಯದ ಕನ್ನಡಿಗ ಅಭ್ಯರ್ಥಿಯೂ ದಿನಚರಿ, ಇಂಕ್ ಪೆನ್ನು, ಅಜ್ಜಿಗೆ ಪತ್ರ ಎಂದು ಅಭ್ಯಾಸ ಮಾಡಿಟ್ಟ ಕಥೆಯನ್ನು ನಿರರ್ಗಳವಾಗಿ ಕಟ್ಟತೊಡಗುತ್ತಾನೆ. ಪರೀಕ್ಷಕರು ಅಳೆಯುವುದು ಭಾಷೆಯನ್ನೇ ಹೊರತು ಸತ್ಯವನ್ನಲ್ಲವಾದ್ದರಿಂದ, ಇಲ್ಲದ ಅಜ್ಜಿಗೂ ಅಂಕ ಕಡಿತವಿಲ್ಲ; ಆದರೆ ಎರಡನೆಯ ಭಾಗದಲ್ಲಿ ವಿಷಯದ ಚೀಟಿಯೊಡನೆ, ಟಿಪ್ಪಣಿ ಮಾಡಿಕೊಳ್ಳಲೆಂದು ಕಾಗದ, ಪೆನ್ಸಿಲ್ ಮತ್ತು ಒಂದೇ ಒಂದು ನಿಮಿಷ ಕೊಟ್ಟಾಗ, ಆ ಬರವಣಿಗೆಪ್ರಿಯನು ರೂಢಿಬಲದಿಂದ ಕಾಗದದ ನೆತ್ತಿಯಲ್ಲಿ ‘ಶ್ರೀ’ ಬರೆದು, ಅದಕ್ಕೆ ಎರಡು ಅಡಿಗೆರೆ ಎಳೆದು, ಪೆನ್ಸಿಲಿನ ತುದಿ ಕಚ್ಚುವಷ್ಟರಲ್ಲಿ ನಿಮಿಷ ಮುಗಿದಿರುತ್ತದೆ.