ತುಘಲಕನಿಗೆ ಫಸ್ಟ್ ಕ್ಲಾಸ್

ಬ್ರಿಟನ್ನಿನ ಪ್ರಧಾನಿಯಾಗಬೇಕಾದರೆ ಚುನಾವಣೆ ಗೆಲ್ಲಬೇಕು ಎಂದು ತಿಳಿದವರು ಅಮಾಯಕರು. ಹದಿನೆಂಟನೇ ವಯಸ್ಸಿಗೆ ಒಂದು ಅರ್ಜಿಯನ್ನು ಸರಿಯಾಗಿ ತುಂಬಿದರೆ ಅರ್ಧ ಕೆಲಸ ಮುಗಿದ ಹಾಗೆ. ವಿಶ್ವವಿದ್ಯಾಲಯ ಎಂಬಲ್ಲಿ ಆಕ್ಸ್‌ಫರ್ಡ್ ಎಂದೂ ಕೋರ್ಸು ಎಂಬಲ್ಲಿ ಪಿಪಿಇ ಎಂದೂ ಬರೆಯಬೇಕು. ತತ್ವಶಾಸ್ತ್ರ, ರಾಜಕೀಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಮೂರೇ ವರ್ಷದಲ್ಲಿ ಅರೆದು ಕುಡಿಸುವ ಪದವಿ ಅದು. ಹೆರಾಲ್ಡ್ ವಿಲ್ಸನ್, ಎಡ್ವರ್ಡ್ ಹೀತ್, ಡೇವಿಡ್ ಕ್ಯಾಮರಾನ್, ಲಿಜ್ ಟ್ರಸ್, ರಿಷಿ ಸುನಕ್, ಹೀಗೆ ಐವರು ಪ್ರಧಾನಿಗಳು ಅದನ್ನೇ ಓದಿದವರು. ಕೊನೆಯ ಇಬ್ಬರಂತೂ ಸಾರ್ವತ್ರಿಕ ಚುನಾವಣೆ ಗೆಲ್ಲುವ ಗೋಜಿಗೇ ಹೋಗದೆ ಕುರ್ಚಿ ಹತ್ತಿದರು. ಸುನಕ್ ನಾರಾಯಣಮೂರ್ತಿ, ಸುಧಾಮೂರ್ತಿ ದಂಪತಿಯ ಅಳಿಯ. ಹಾಗಾಗಿ ಅವರು ಪ್ರಧಾನಿಯಾದ ದಿನ ನಾವೂ ‘ಕರ್ನಾಟಕದ ಅಳಿಯ’ ಎಂದು ಹಿಗ್ಗಿದೆವು. ಅಳಿಯಂದಿರು ಓದಿದ್ದೇನು ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ಅದನ್ನು ನಾವು ಕೇಳುವುದು ಹೆಣ್ಣು ಕೊಡುವ ಮುಂಚೆ.

ಪ್ರಧಾನಿಯೊಬ್ಬರೇ ಅಲ್ಲಿಂದ ಬರುತ್ತಾರೆ ಎಂದುಕೊಳ್ಳಬೇಡಿ. 2015ರ ಚುನಾವಣೆಯಲ್ಲಿ ಕ್ಯಾಮರಾನ್ ಎದುರು ನಿಂತ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಕೂಡ ಪಿಪಿಇ. ಇಬ್ಬರನ್ನೂ ಟಿವಿಯಲ್ಲಿ ಅಳೆದು ತೂಗುತ್ತಿದ್ದ ನಿಕ್ ರಾಬಿನ್ಸನ್, ರಾಬರ್ಟ್ ಪೆಸ್ಟನ್ ಪಿಪಿಇ. ಪತ್ರಿಕೆಗಳ ಧಣಿ ರೂಪರ್ಟ್ ಮರ್ಡಾಕ್ ಸಹ ಪಿಪಿಇ. ಆಳುವವರು, ಆಳುವವರನ್ನು ಬೈಯುವವರು, ಬೈದದ್ದನ್ನು ಅಚ್ಚು ಹಾಕಿಸುವವರು ಎಲ್ಲರೂ ಒಂದೇ ಗರಡಿಯವರು. ಪ್ರಜಾಪ್ರಭುತ್ವದಲ್ಲಿ ಭಿನ್ನಾಭಿಪ್ರಾಯ ಇರಬೇಕು ನಿಜ. ಅದು ಸಹಪಾಠಿಗಳ ನಡುವೆ ಇದ್ದರೆ ಊಟದ ಹೊತ್ತಿಗೆ ಮುಗಿಯುತ್ತದೆ ಎಂಬುದೊಂದು ಅನುಕೂಲ.

ಈ ಪದವಿಯ ಹುಟ್ಟು ಸದುದ್ದೇಶದ್ದೇ. ಮೊದಲ ಮಹಾಯುದ್ಧ ಮುಗಿದ ಮೇಲೆ, ಗ್ರೀಕ್ ಮತ್ತು ಲ್ಯಾಟಿನ್ ಉರು ಹೊಡೆದವರ ಕೈಯಲ್ಲಿ ದೇಶ ನಡೆದೀತೇ ಎಂಬ ಅನುಮಾನ ಆಕ್ಸ್‌ಫರ್ಡಿಗೇ ಬಂತು. ನಮಗೆ ಆ ಅನುಮಾನ ಅದಕ್ಕೂ ಮೊದಲೇ ಬಂದಿರಲು ಸಾಕು. 1888ರಿಂದ 1905ರವರೆಗೆ ಲ್ಯಾನ್ಸ್‌ಡೌನ್, ಎಲ್ಗಿನ್, ಕರ್ಜನ್ ಎಂದು ಬೇಲಿಯಲ್ ಎಂಬ ಒಂದೇ ಕಾಲೇಜಿನ ಮೂವರನ್ನು ಸಾಲಾಗಿ ವೈಸರಾಯ್ ಮಾಡಿ ಇಲ್ಲಿಗೆ ಕಳಿಸಿದ್ದರು. ನಮ್ಮನ್ನು ಕೇಳುವವರು ಯಾರು? ಕಡೆಗೆ 1920ರಲ್ಲಿ ಪ್ರವೇಶಕ್ಕೆ ಗ್ರೀಕ್ ಕಡ್ಡಾಯ ಎಂಬ ನಿಯಮ ಹೋಯಿತು, ಹೆಂಗಸರಿಗೂ ಪದವಿ ಕೊಡಲು ಮನಸ್ಸಾಯಿತು, ಅದೇ ಬೇಲಿಯಲ್ ಕಾಲೇಜಿನಲ್ಲಿ ಪಿಪಿಇ ಕಣ್ಣುಬಿಟ್ಟಿತು. ಒಂದೇ ವರ್ಷದಲ್ಲಿ ಇಷ್ಟೆಲ್ಲ ಸುಧಾರಣೆ ಮಾಡಿದ ಆಯಾಸ ಆ ವಿಶ್ವವಿದ್ಯಾಲಯಕ್ಕೆ ಇನ್ನೂ ಆರಿದಂತಿಲ್ಲ.

ಓದಿನ ಜೀವಾಳ ಟ್ಯುಟೋರಿಯಲ್. ಎಂಟು ವಾರದ ಟರ್ಮು, ವರ್ಷಕ್ಕೆ ಮೂರು ಟರ್ಮು. ವಾರಕ್ಕೆ ಒಂದೋ ಎರಡೋ ಪ್ರಬಂಧ ಬರೆದು, ಗುರುವಿನ ಕೋಣೆಯಲ್ಲಿ ಅವರೆದುರು ಕುಳಿತು ಸಮರ್ಥಿಸಿಕೊಳ್ಳಬೇಕು. ಈ ವಾರ ಕಾಂಟ್, ಮುಂದಿನ ವಾರ ಹಣದುಬ್ಬರ, ಅದರಾಚೆ ಫ್ರಾನ್ಸಿನ ಅಧ್ಯಕ್ಷ ಪದ್ಧತಿ. ಹಿಂದಿನ ವಾರ ಹೆಸರು ಕೂಡ ಕೇಳಿರದ ವಿಷಯದ ಮೇಲೆ, ರಾತ್ರಿ ನಿದ್ದೆಗೆಟ್ಟು ಒಂದಿಷ್ಟು ಪುಟ ತಿರುವಿ, ಬೆಳಿಗ್ಗೆ ಒಂದು ತಾಸು ತಡವರಿಸದೆ ಮಾತಾಡುವ ವಿದ್ಯೆ ಕೈವಶವಾಗುತ್ತದೆ. ನಮ್ಮಲ್ಲಿ ಇದನ್ನು ರಾತ್ರಿ ಒಂಬತ್ತರ ಟಿವಿ ಚರ್ಚೆಯಲ್ಲಿ ಪುಕ್ಕಟೆಯಾಗಿ ಕಲಿಸುತ್ತಾರೆ.

ತಮಾಷೆ ಬದಿಗಿರಲಿ, ಪದ್ಧತಿ ಕೆಟ್ಟದ್ದೇನೂ ಅಲ್ಲ. ಇಪ್ಪತ್ತರ ಹುಡುಗನ ವಾದವನ್ನು ವಿದ್ವಾಂಸರೊಬ್ಬರು ಎದುರು ಕೂತು ಕೇಳಿ, ಅದರ ತೂತುಗಳನ್ನು ತೋರಿಸಿಕೊಡುವುದು ಯಾವ ದೇಶದಲ್ಲಾದರೂ ಪುಣ್ಯದ ಕೆಲಸ. ಪ್ರಬಂಧ ತಪ್ಪಾದರೆ ಗುರುಗಳು ಹುಬ್ಬೇರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಮುಂದಿನ ವಾರ ಬೇರೆ ವಿಷಯ. ದೇಶವನ್ನೂ ವಾರಕ್ಕೊಂದು ಪ್ರಬಂಧದ ಲೆಕ್ಕದಲ್ಲಿ ನಡೆಸಲು ಹೊರಟಾಗ ಮಾತ್ರ ತಾಪತ್ರಯ. ಇನ್ನೊಂದು ಸೌಲಭ್ಯವೂ ಉಂಟು. ಮೊದಲ ವರ್ಷದ ನಂತರ ಮೂರರಲ್ಲಿ ಒಂದು ವಿಷಯವನ್ನು ಕೈಬಿಡಬಹುದು. ಯಾವ ನಾಯಕರು ಯಾವುದನ್ನು ಕೈಬಿಟ್ಟಿದ್ದರು ಎಂದು ಮತಪತ್ರದಲ್ಲಿ ಅಚ್ಚು ಮಾಡುವ ಪದ್ಧತಿ ಇಲ್ಲ. ಬಜೆಟ್ಟಿನ ದಿನ ತಾನಾಗಿ ತಿಳಿಯುತ್ತದೆ.

ಮೂರು ಶಾಸ್ತ್ರಗಳನ್ನು ಜೊತೆಗೇ ಓದಿದರೆ ಒಂದರ ಕಣ್ಣಿನಿಂದ ಇನ್ನೊಂದನ್ನು ಪರೀಕ್ಷಿಸಬಹುದು ಎಂಬುದು ಸ್ಥಾಪಕರ ಆಸೆ. ಶಿಷ್ಯರು ಕಂಡುಕೊಂಡ ಉಪಯೋಗವೇ ಬೇರೆ. ಒಂದರಲ್ಲಿ ಸಿಕ್ಕಿಬಿದ್ದಾಗ ಇನ್ನೊಂದರೊಳಗೆ ನುಸುಳಿಕೊಳ್ಳಬಹುದು. ದುಡ್ಡೆಲ್ಲಿದೆ ಎಂದು ಕೇಳಿದರೆ ಸ್ವಾತಂತ್ರ್ಯದ ಮೌಲ್ಯ ಹೇಳುವುದು. ಮೌಲ್ಯ ಎಲ್ಲಿ ಹೋಯಿತು ಎಂದರೆ ಜನಾದೇಶ ಎನ್ನುವುದು. ಜನಾದೇಶ ಹೀಗಿರಲಿಲ್ಲವಲ್ಲ ಎಂದರೆ ಮಾರುಕಟ್ಟೆಯ ಒತ್ತಡ ಎಂದು ನಿಟ್ಟುಸಿರು ಬಿಡುವುದು. ಒಂದೇ ವಿಷಯ ಓದಿದವರಿಗೆ ಈ ಭಾಗ್ಯವಿಲ್ಲ. ಥ್ಯಾಚರ್ ಓದಿದ್ದು ರಸಾಯನಶಾಸ್ತ್ರ, ಥೆರೆಸಾ ಮೇ ಓದಿದ್ದು ಭೂಗೋಳ. ಭೂಗೋಳ ಓದಿದವರು ಎಲ್ಲಿಗೆ ತಾನೇ ನುಸುಳಿಯಾರು?

1964ರಿಂದ 1976ರವರೆಗೆ, ಹನ್ನೆರಡು ವರ್ಷ, ವಿಲ್ಸನ್ ಮತ್ತು ಹೀತ್ ಇಬ್ಬರೇ ಅದಲುಬದಲಾಗಿ ಬ್ರಿಟನ್ ಆಳಿದರು. 1967ರ ನವೆಂಬರಿನಲ್ಲಿ ವಿಲ್ಸನ್ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಿದರು. ಆಮೇಲೆ ಟಿವಿಗೆ ಬಂದು, ನಿಮ್ಮ ಜೇಬಿನಲ್ಲಿರುವ ಪೌಂಡಿಗೇನೂ ಆಗಿಲ್ಲ ಎಂದು ಸಮಾಧಾನ ಹೇಳಿದರು. ಇದು ಅರ್ಥಶಾಸ್ತ್ರದ ಪ್ರಶ್ನೆಗೆ ತತ್ವಶಾಸ್ತ್ರದ ಉತ್ತರ. ಹೀತ್ ಸಾಹೇಬರ ಕಾಲದಲ್ಲಿ ಗಣಿ ಕಾರ್ಮಿಕರ ಜಗಳದಿಂದ ಕಲ್ಲಿದ್ದಲು ಕಮ್ಮಿಯಾಗಿ, 1974ರ ಆರಂಭದಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. ಲೋಡ್ ಶೆಡ್ಡಿಂಗ್ ನಮ್ಮ ಸ್ವಂತ ಆವಿಷ್ಕಾರ ಎಂಬ ಜಂಬ ಇದ್ದವರು ಗಮನಿಸಿ. ಕರೆಂಟಿನ ಸಮಸ್ಯೆಯಿಂದ ಹೀತ್ ರಾಜಕೀಯಶಾಸ್ತ್ರದ ಬಾಗಿಲಿನಿಂದ ಹೊರಬಿದ್ದರು. ದೇಶ ಆಳುವವರು ಯಾರು ಎಂದು ಕೇಳಿಕೊಂಡು ಚುನಾವಣೆಗೆ ಹೋದರು. ನೀವಂತೂ ಅಲ್ಲ ಎಂದರು ಮತದಾರರು.

ಕ್ಯಾಮರಾನ್ 1988ರಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವರು. ಅವರ ಗುರು ಬ್ರಿಟಿಷ್ ಸಂವಿಧಾನದ ಬಗ್ಗೆ ದೊಡ್ಡ ಹೆಸರಾದ ವರ್ನನ್ ಬೊಗ್ಡನೋರ್. ಅಂಥ ಗುರುವಿನ ಶಿಷ್ಯ, ತನ್ನ ಪಕ್ಷದ ಒಳಜಗಳ ಬಗೆಹರಿಸಲು ಇಡೀ ದೇಶದ ಮುಂದೆ ಹೌದು-ಅಲ್ಲ ಮಾದರಿಯ ಒಂದು ಪ್ರಶ್ನೆ ಇಟ್ಟರು. 2016ರ ಜೂನ್ 23ರಂದು ನೂರಕ್ಕೆ 51.9ರಷ್ಟು ಜನ ಯುರೋಪ್ ಒಕ್ಕೂಟ ಬೇಡ ಎಂದರು. ಉಳಿದ 48.1 ಏನಾಗಬೇಕು ಎಂಬುದು ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ. ಮರುದಿನ ಬೆಳಿಗ್ಗೆಯೇ ಅವರು ರಾಜೀನಾಮೆ ಘೋಷಿಸಿದರು. ಪ್ರಬಂಧ ಒಪ್ಪಿಸಿಯಾಗಿತ್ತಲ್ಲ.

ಆದರೂ ಈ ಪದವಿಯ ಸಂಪೂರ್ಣ ಸೊಬಗು ಕಾಣಬೇಕಾದರೆ ಲಿಜ್ ಟ್ರಸ್ ಅವರಲ್ಲಿಗೇ ಬರಬೇಕು. ವಿದ್ಯಾರ್ಥಿ ದೆಸೆಯಲ್ಲಿ ಅವರು ಲಿಬರಲ್ ಡೆಮಾಕ್ರಾಟ್. 1994ರ ಪಕ್ಷದ ಸಮಾವೇಶದಲ್ಲಿ ರಾಜಪ್ರಭುತ್ವವೇ ಬೇಡ ಎಂದು ಭಾಷಣ ಮಾಡಿದ್ದರು. 2022ರ ಸೆಪ್ಟೆಂಬರ್ 6ರಂದು ಕನ್ಸರ್ವೇಟಿವ್ ನಾಯಕಿಯಾಗಿ ಅದೇ ರಾಣಿಯಿಂದ ಪ್ರಧಾನಿ ಪಟ್ಟ ಪಡೆದರು. 2016ರಲ್ಲಿ ಯುರೋಪಿನಲ್ಲಿ ಉಳಿಯೋಣ ಎಂದಿದ್ದರು, ಆಮೇಲೆ ಹೊರಬಂದದ್ದರ ಕಟ್ಟಾ ವಕ್ತಾರರಾದರು. ಇದನ್ನು ನಾವು ಪಕ್ಷಾಂತರ ಎಂದು ಹೀಗಳೆಯುತ್ತೇವೆ. ಅಲ್ಲಿ ಅದು ಪ್ರಶ್ನೆಯ ಎರಡೂ ಮುಖಗಳ ಪರಿಚಯ. ನಮ್ಮ ಶಾಸಕರು ಅದಕ್ಕಾಗಿ ರೆಸಾರ್ಟಿಗೆ ಹೋಗಬೇಕು, ಅವರಿಗೆ ಕಾಲೇಜೇ ಸಾಕಾಯಿತು.

ಸೆಪ್ಟೆಂಬರ್ 23ರಂದು ಅವರ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 45 ಬಿಲಿಯನ್ ಪೌಂಡುಗಳ ತೆರಿಗೆ ಕಡಿತ ಪ್ರಕಟಿಸಿದರು. ಅಷ್ಟು ಹಣ ಎಲ್ಲಿಂದ ಬರುತ್ತದೆ ಎಂಬ ಲೆಕ್ಕಪತ್ರ ಜೊತೆಗಿರಲಿಲ್ಲ. ಕ್ವಾರ್ಟೆಂಗ್ ಪಾಪ ಪಿಪಿಇ ಅಲ್ಲ, ಕೇಂಬ್ರಿಜ್‌ನವರು. ಅವರ ಪಿಎಚ್.ಡಿ. ಯಾವುದರ ಮೇಲೆ ಗೊತ್ತೇ? 1695–97ರಲ್ಲಿ ಇಂಗ್ಲೆಂಡು ಸವೆದ ಬೆಳ್ಳಿ ನಾಣ್ಯಗಳನ್ನು ಹೊಸದಾಗಿ ಟಂಕಿಸಲು ಹೋಗಿ ಪಟ್ಟ ಪಾಡಿನ ಮೇಲೆ. ಮುನ್ನೂರು ವರ್ಷ ಹಿಂದಿನ ನಾಣ್ಯದ ಬಿಕ್ಕಟ್ಟನ್ನು ಅಷ್ಟು ಆಳವಾಗಿ ಅಭ್ಯಾಸ ಮಾಡಿದವರು ಪ್ರಾಯೋಗಿಕ ಪರೀಕ್ಷೆಯನ್ನೂ ಕೊಟ್ಟುಬಿಡೋಣ ಎಂದುಕೊಂಡಿರಬೇಕು. ಮೂರು ದಿನದಲ್ಲಿ ಪೌಂಡು 1.03 ಡಾಲರಿನ ಆಸುಪಾಸಿಗೆ, ಅಂದರೆ ಇತಿಹಾಸದಲ್ಲೇ ಅತಿ ಕೆಳಕ್ಕೆ, ಬಿತ್ತು. ಸರ್ಕಾರದ ಬಾಂಡುಗಳ ಬೆಲೆ ಕುಸಿದು ಪಿಂಚಣಿ ನಿಧಿಗಳು ಗಡಗಡ ನಡುಗಿದವು. 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ 65 ಬಿಲಿಯನ್ ಪೌಂಡಿನವರೆಗೂ ಬಾಂಡು ಕೊಳ್ಳುತ್ತೇನೆ ಎಂದು ಮಧ್ಯೆ ಬಂದು ಅವನ್ನು ಉಳಿಸಬೇಕಾಯಿತು. ಕ್ವಾರ್ಟೆಂಗ್ ಜಾಗಕ್ಕೆ ಜೆರೆಮಿ ಹಂಟ್ ಬಂದು ಬರೆದಿದ್ದನ್ನು ಬಹುತೇಕ ಅಳಿಸಿದರು. ಅವರು ಪಿಪಿಇ. ಅಕ್ಟೋಬರ್ 20ರಂದು ಟ್ರಸ್ ರಾಜೀನಾಮೆ ಪ್ರಕಟಿಸಿದರು. ಅವರ ಜಾಗಕ್ಕೆ ಬಂದ ಸುನಕ್ ಕೂಡ ಪಿಪಿಇ. ಗಾಯವೂ ಅವರದೇ ಮುಲಾಮೂ ಅವರದೇ. ಪ್ರಧಾನಿ ಹೆಚ್ಚು ದಿನ ಬಾಳುತ್ತಾರೋ ಒಂದು ಲೆಟ್ಯೂಸ್ ಸೊಪ್ಪಿನ ಗಡ್ಡೆ ಬಾಳುತ್ತದೋ ಎಂದು ಡೈಲಿ ಸ್ಟಾರ್ ಪತ್ರಿಕೆ ಪಂದ್ಯ ಇಟ್ಟಿತ್ತು. ಸೊಪ್ಪು ಗೆದ್ದಿತು. ಸೊಪ್ಪು ಯಾವ ಕಾಲೇಜಿನದೂ ಅಲ್ಲ.

ಐವತ್ತು ದಿನವೂ ತುಂಬದ ಈ ಚಾಕರಿಗೆ, ಮಾಜಿ ಪ್ರಧಾನಿಗಳಿಗೆಲ್ಲ ಇರುವ ಹಾಗೆ, ಕಚೇರಿ ಖರ್ಚೆಂದು ವರ್ಷಕ್ಕೆ 1,15,000 ಪೌಂಡಿನವರೆಗೆ ಪಡೆಯುವ ಹಕ್ಕು ಅವರಿಗೂ ಬಂತು.

ಪಿಪಿಇ ಎಂದರೆ ಕೊರೊನಾ ಕಾಲದ ನೀಲಿ ಬಟ್ಟೆಯ ಕಿಟ್ಟಲ್ಲವೇ ಎಂದು ಇಷ್ಟು ಹೊತ್ತು ಯೋಚಿಸುತ್ತಿದ್ದವರಿಗೂ ನಿರಾಸೆ ಮಾಡುವುದಿಲ್ಲ. 2020ರಲ್ಲಿ ಆ ಕಿಟ್ಟು ಖರೀದಿಸಿದ ಇಲಾಖೆಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಪಿಪಿಇ ಪದವೀಧರರೇ. ಇಲಾಖೆ ಸುಮಾರು 12 ಬಿಲಿಯನ್ ಪೌಂಡು ಸುರಿದು ಕೊಂಡ ಸರಕಿನಲ್ಲಿ 8.7 ಬಿಲಿಯನ್ ಮೌಲ್ಯ ನಷ್ಟವೆಂದು ಲೆಕ್ಕದಿಂದ ಹೊಡೆದುಹಾಕಿತು. ಬಲ್ಲವರ ಶಿಫಾರಸು ಇದ್ದ ಕಂಪನಿಗಳಿಗೆಂದೇ ತೆರೆದಿದ್ದ ವಿಐಪಿ ಸಾಲು ಕಾನೂನುಬಾಹಿರ ಎಂದು 2022ರಲ್ಲಿ ಹೈಕೋರ್ಟ್ ಹೇಳಿತು.

ಇದೇ ಪದವಿ ನಮ್ಮ ನೆರೆಹೊರೆಗೆ ಬಂದಾಗ ಫಲವೇ ಬೇರೆ. ಬೆನಜೀರ್ ಭುಟ್ಟೊ, ಇಮ್ರಾನ್ ಖಾನ್, ಆಂಗ್ ಸಾನ್ ಸೂ ಕಿ ಮೂವರೂ ಆಕ್ಸ್‌ಫರ್ಡಿನ ಪಿಪಿಇ. ಮೂವರೂ ಸೆರೆವಾಸ ಕಂಡವರು, ತಪ್ಪು ಮಾಡಿದ್ದಕ್ಕೋ ಮಾಡದೆ ಇದ್ದದ್ದಕ್ಕೋ. ಕ್ಯಾಮರಾನ್ ಸಾಹೇಬರಿಗೆ 2023ರಲ್ಲಿ ಸಿಕ್ಕಿದ್ದು ಲಾರ್ಡ್ ಪದವಿ, ಜೊತೆಗೆ ವಿದೇಶಾಂಗ ಖಾತೆ. ಒಂದೇ ಸರ್ಟಿಫಿಕೇಟು, ಊರಿಗೊಂದು ಬೆಲೆ.

ಧಾರವಾಡದಿಂದ ಹೋದವರೊಬ್ಬರ ಕಥೆ ಈ ಯಾವ ಪಟ್ಟಿಗೂ ಸೇರುವುದಿಲ್ಲ. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ಇದೇ ಪಿಪಿಇ. ಅಲ್ಲಿನ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಹೀತ್, ಬೆನಜೀರ್ ಅದೇ ಅಧ್ಯಕ್ಷ ಕುರ್ಚಿಯಿಂದ ಎದ್ದು ಹೋಗಿ ಪ್ರಧಾನಿಯಾದವರು. ಅಂದರೆ ಕಾಗದಪತ್ರವೆಲ್ಲ ಸಿದ್ಧವಿತ್ತು. ಕಾರ್ನಾಡರು 1963ರಲ್ಲಿ ಮದ್ರಾಸಿಗೆ ಬಂದು ಪುಸ್ತಕ ಪ್ರಕಾಶನದ ನೌಕರಿ ಹಿಡಿದರು. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕ ಇಲ್ಲ ಎಂಬ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. 1964ರಲ್ಲಿ ‘ತುಘಲಕ್’ ಹೊರಬಂತು.

ಆ ನಾಟಕವನ್ನು ನೆಹರೂ ಕಾಲದ ಭ್ರಮನಿರಸನದ ಕಥೆಯೆಂದು ಓದುವುದು ರೂಢಿ. ನನಗೋ ಅದು ಆಕ್ಸ್‌ಫರ್ಡಿನ ಉತ್ತರಪತ್ರಿಕೆಯಂತೆ ಕಾಣುತ್ತದೆ. ಮೂರು ಪೇಪರೂ ಅದರಲ್ಲಿವೆ. ಸುಲ್ತಾನ ತನ್ನದೇ ನ್ಯಾಯಾಲಯದಲ್ಲಿ ಪ್ರಜೆಯೊಬ್ಬನೆದುರು ಸೋತು ಸಮಾನತೆ ಸಾರುತ್ತಾನೆ, ತತ್ವಶಾಸ್ತ್ರ. ದಿಲ್ಲಿಯನ್ನು ಎಬ್ಬಿಸಿಕೊಂಡು ದೌಲತಾಬಾದಿಗೆ ಹೊರಡುತ್ತಾನೆ, ರಾಜಕೀಯಶಾಸ್ತ್ರ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟುತ್ತಾನೆ, ಅರ್ಥಶಾಸ್ತ್ರ. ಮೂರರ ವಾದವೂ ಎಷ್ಟು ಚೊಕ್ಕವೆಂದರೆ ಯಾವ ಗುರುವೂ ಫಸ್ಟ್ ಕ್ಲಾಸ್ ತಪ್ಪಿಸಲಾರ. ನಾಟಕದಲ್ಲಿ ಅಜೀಜ ಎಂಬ ಅಗಸನಿದ್ದಾನೆ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆ ಕೇಸು ಗೆದ್ದವನು ಅವನೇ. ಯಾವ ಮದರಸಾದ ಮೆಟ್ಟಿಲೂ ಹತ್ತಿರದ ಅವನೊಬ್ಬನೇ ಸುಲ್ತಾನನ ಪ್ರತಿ ಫರ್ಮಾನನ್ನೂ ಸುಲ್ತಾನನಿಗಿಂತ ಚೆನ್ನಾಗಿ ಓದಿಕೊಂಡವನು. ಯಾವುದರಲ್ಲಿ ಎಷ್ಟು ಲಾಭ ಎಂದು ಅವನಿಗೆ ಕೂಡಲೇ ಹೊಳೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾಂಡ್ ಮಾರುಕಟ್ಟೆಯಲ್ಲಿ ಕೂತಿದ್ದವರೆಲ್ಲ ಅಜೀಜರೇ. ಪಿಪಿಇ ಓದಿದವರು ಅಜೀಜನಿಗೆ ಸಿಲೆಬಸ್ಸಿನಲ್ಲಿ ಜಾಗ ಕೊಡದೇ ಇರುವುದು ದೊಡ್ಡ ಲೋಪ. ಕಾರ್ನಾಡರು ಕೊಟ್ಟರು. ಅವರು ಪ್ರಧಾನಿಯಾಗದೆ ಉಳಿದದ್ದು ಕನ್ನಡದ ಪುಣ್ಯ.

ಈಗ ಸೋನೆಪತ್‌ನ ಅಶೋಕ ವಿಶ್ವವಿದ್ಯಾಲಯದಲ್ಲಿ ಪಿಪಿಇ ಇದೆ. ಲಕ್ಷಗಟ್ಟಲೆ ಶುಲ್ಕದ ಖಾಸಗಿ ಕ್ಯಾಂಪಸ್ಸುಗಳಲ್ಲಿ ಅದರ ಮೋಹ ಹಬ್ಬುತ್ತಿದೆ. ನಾಳಿನ ನಾಯಕರು, ಬಹುಶಿಸ್ತೀಯ ದೃಷ್ಟಿ ಎಂಬ ಮಾತುಗಳನ್ನು ಕೇಳಿ ಮರುಳಾಗುವ ತಂದೆತಾಯಿಗಳಿಗೆ ಒಂದು ವಿಷಯ ಹೇಳಬೇಕು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಎಷ್ಟೋ ವರ್ಷಗಳಿಂದ ಎಚ್‌ಇಪಿ ಎಂಬ ಬಿ.ಎ. ಇದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಮೂರರಲ್ಲಿ ಎರಡು ವಿಷಯ ಅವೇ. ತತ್ವಶಾಸ್ತ್ರದ ಬದಲು ಇತಿಹಾಸ, ಟ್ಯೂಟರ್ ಬದಲು ತಿಂಗಳುಗಟ್ಟಲೆ ಗೌರವಧನ ಕಾಣದ ಅತಿಥಿ ಉಪನ್ಯಾಸಕರು, ಪ್ರಬಂಧದ ಬದಲು ಬರೆಸಿದ ನೋಟ್ಸು. ಎಚ್‌ಇಪಿ ಓದಿದವರಿಗೆ ಭಾಗ್ಯವಿಧಾತರಾಗುವ ಯಾವ ಭ್ರಮೆಯೂ ಇಲ್ಲ. ಅವರು ಎಫ್‌ಡಿಎ, ಪಿಡಿಒ, ಪಿಎಸ್‌ಐ ಎಂದು ಅರ್ಜಿ ಹಾಕುತ್ತಾ ಲೈಬ್ರರಿಯಲ್ಲಿ ಕೂತಿರುತ್ತಾರೆ. ತಾಮ್ರದ ನಾಣ್ಯ ತಂದ ಸುಲ್ತಾನ ಯಾರು ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಟ್ರಸ್ ಸರ್ಕಾರಕ್ಕೆ ಅಂಥ ಒಬ್ಬರನ್ನು ಎರವಲು ಕಳಿಸಿದ್ದರೂ ಸಾಕಿತ್ತು.

ಅಂಥ ಎಚ್‌ಇಪಿ ಹುಡುಗಿಯೊಬ್ಬಳು ಕೆಎಎಸ್ ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರ ಗುರುತಿಸಿದರೆ, ಪ್ರತಿ ತಪ್ಪಿಗೂ ಕಾಲು ಭಾಗ ಅಂಕ ಕಳೆಯುತ್ತಾರೆ. ಅರ್ಥವ್ಯವಸ್ಥೆಯನ್ನೇ ತಪ್ಪಾಗಿ ಗುರುತಿಸಿದ ಪಿಪಿಇಯವರ ಅಂಕ ಕಳೆಯುವ ಕ್ರಮ ಇದುವರೆಗೆ ಬಂದಿಲ್ಲ. ಅದು ಪಿಂಚಣಿದಾರರ ಖಾತೆಯಿಂದ ಕಳೆಯುತ್ತದೆ. ಆದ್ದರಿಂದ ಆಕ್ಸ್‌ಫರ್ಡಿನ ಮಹನೀಯರಲ್ಲಿ ಒಂದೇ ವಿನಂತಿ. ಪದವಿಗೆ ನೂರು ವರ್ಷ ದಾಟಿತು, ಈಗಲಾದರೂ ನೆಗೆಟಿವ್ ಮಾರ್ಕಿಂಗ್ ತನ್ನಿ. ಅದರ ನಿಯಮಾವಳಿ ನಮ್ಮ ಕೆಪಿಎಸ್‌ಸಿಯಲ್ಲಿದೆ, ತರಿಸಿಕೊಳ್ಳಬಹುದು. ಫಲಿತಾಂಶ ಪ್ರಕಟಿಸುವ ಕ್ರಮವನ್ನು ಮಾತ್ರ ದಯವಿಟ್ಟು ಅಲ್ಲಿಂದ ಕಲಿಯಬೇಡಿ.